ಮಿಲಿಟರಿಯವರಿಗೆಂದೇ ಒಂದು ಮನೆ ಇದೆಯಾ? ಅಪ್ಪನನ್ನು ಅಲ್ಲಿಗೆ ಸೇರಿಸಬಹುದಾ?

ಪ್ರಶ್ನೆ: ನಮ್ಮ ತವರು ಸಕಲೇಶಪುರ ತಾಲ್ಲೂಕು. ಅಪ್ಪನಿಗೆ 78 ವರ್ಷ. ಸೇನೆಯಲ್ಲಿ 17 ವರ್ಷ ಇದ್ದು ಹವಾಲ್ದಾರ್ ಆಗಿ ಬಂದವರು. 1971ರ ಯುದ್ಧದಲ್ಲಿ ಪೂರ್ವದ ಗಡಿಯಲ್ಲಿದ್ದರು, ಪೂರ್ವಿ ಸ್ಟಾರ್ ಪದಕ ಇದೆ. ಆಮೇಲೆ ಹಾಸನದಲ್ಲಿ ಬ್ಯಾಂಕ್ ಗಾರ್ಡ್ ಆಗಿದ್ದರು. ಅಮ್ಮ ತೀರಿಕೊಂಡ ಮೇಲೆ ತೋಟದ ಮನೆಯಲ್ಲಿ ಒಬ್ಬರೇ ಇದ್ದಾರೆ. ಅಣ್ಣ ಬೆಂಗಳೂರಿನಲ್ಲಿ, ನಾನು ಮದುವೆಯಾಗಿ ಚಿಕ್ಕಮಗಳೂರಿನಲ್ಲಿ. ಈಚೆಗೆ ಅಪ್ಪ ಮೊಬೈಲಿನಲ್ಲಿ ಲಂಡನ್ನಿನ ಕೆಂಪು ಕೋಟು ಹಾಕಿದ ಮುದುಕ ಸೈನಿಕರ ವಿಡಿಯೋ ನೋಡಿದರು. ಅವತ್ತಿನಿಂದ "ನಮಗೂ ಇಂಥದ್ದು ಇದ್ದೇ ಇರುತ್ತೆ, ನನ್ನನ್ನು ಅಲ್ಲಿಗೆ ಸೇರಿಸಿ" ಎಂದು ಒಂದೇ ಹಠ. ಪುಣೆಯಲ್ಲಿ ಒಂದಿದೆ ಅಂತ ಅವರ ಸ್ನೇಹಿತರು ಹೇಳಿದ್ದಾರೆ. ಚಿಕ್ಕಪ್ಪ ಮಾತ್ರ "ಅದು ಗತಿ ಇಲ್ಲದವರು ಹೋಗುವ ಜಾಗ, ಸೇರಿದರೆ ಪೆನ್ಷನ್ನೂ ಸರ್ಕಾರವೇ ಇಟ್ಟುಕೊಳ್ಳುತ್ತೆ" ಅಂತಾರೆ. ತಾಲ್ಲೂಕಿನ ಮಾಜಿ ಸೈನಿಕರು ಕೆಲವರು "ನಿಮ್ಮ ತೋಟದಲ್ಲೇ ಜಾಗ ಕೊಡಿ, ನಾವೇ ಒಂದು ಕಟ್ಟೋಣ" ಎಂದೂ ಕೇಳುತ್ತಿದ್ದಾರೆ. ಇಂಥ ಮನೆಗಳ ಕಥೆ ಏನು? ನಮ್ಮಲ್ಲಿ ಯಾಕಿಲ್ಲ? ನಾವು ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಕೇಳಿದ ಪ್ರಶ್ನೆಗಳ ಜೊತೆಗೆ ಕೇಳದೆ ಬಿಟ್ಟ ಒಂದು ಪ್ರಶ್ನೆಯೂ ಇದೆ. "ಅಪ್ಪನನ್ನು ಕಳಿಸಿದರೆ ನಾವು ಕೈಬಿಟ್ಟ ಹಾಗಾಗುತ್ತಾ?" ಮಾಜಿ ಸೈನಿಕರ ಕಲ್ಯಾಣದ ಕೆಲಸದಲ್ಲಿ ಇಷ್ಟು ವರ್ಷ ಇದ್ದ ನನಗೆ ಇದು ಹೊಸದಲ್ಲ. ಹೆಚ್ಚಿನ ಮನೆಗಳಲ್ಲಿ ಮಕ್ಕಳು ಕಳಿಸಲು ನೋಡುತ್ತಾರೆ, ಅಪ್ಪ ಒಲ್ಲೆ ಅನ್ನುತ್ತಾರೆ. ನಿಮ್ಮಲ್ಲಿ ಉಲ್ಟಾ. ಹೋಗುತ್ತೇನೆ ಅನ್ನುತ್ತಿರುವುದು ಅವರೇ. ಹಾಗಾಗಿ ನೆಂಟರ ಮಾತನ್ನು ಸ್ವಲ್ಪ ಬದಿಗಿಡಿ. ಅವರಿಗೆ ಬೇಕಾಗಿರುವುದು ಏನು ಅಂತ ನೋಡೋಣ.

ಮೊದಲು ಆ ಕೆಂಪು ಕೋಟಿನವರ ವಿಚಾರ. ಅವರಿರುವ ಜಾಗದ ಹೆಸರು ರಾಯಲ್ ಹಾಸ್ಪಿಟಲ್ ಚೆಲ್ಸಿ. ಹೆಸರಿನಲ್ಲಿ ಹಾಸ್ಪಿಟಲ್ ಇದ್ದರೂ ಅದು ವಾಸದ ಮನೆ. ಎರಡನೇ ಚಾರ್ಲ್ಸ್ ದೊರೆ 1682ರಲ್ಲಿ ಶುರು ಮಾಡಿಸಿದ. ಕಟ್ಟಡದ ನಕ್ಷೆ ಕ್ರಿಸ್ಟೋಫರ್ ರೆನ್‌ನದು. ಸೈನಿಕರು ಒಳಗೆ ಬಂದಿದ್ದು 1692ರಲ್ಲಿ. ಇದಕ್ಕೂ ಮೊದಲೇ ಫ್ರಾನ್ಸಿನಲ್ಲಿ 14ನೇ ಲೂಯಿ 1670ರಲ್ಲಿ ಅಪ್ಪಣೆ ಕೊಟ್ಟು ಪ್ಯಾರಿಸ್ಸಿನಲ್ಲಿ ಲೆ ಇನ್ವಾಲಿಡ್ ಕಟ್ಟಿಸಿದ್ದ. 1674ಕ್ಕೆ ಅಲ್ಲಿಗೆ ಮೊದಲ ಸೈನಿಕರು ಬಂದರು. ಎರಡೂ ಇವತ್ತಿಗೂ ನಡೆಯುತ್ತಿವೆ.

ಇವು ಬರೀ ಕರುಣೆಯಿಂದ ಹುಟ್ಟಿದವಲ್ಲ. ಆ ಕಾಲಕ್ಕೆ ರಾಜರು ವರ್ಷವಿಡೀ ಸಂಬಳ ಕೊಟ್ಟು ಸೈನ್ಯ ಇಟ್ಟುಕೊಳ್ಳಲು ಶುರು ಮಾಡಿದ್ದರು. ಹುಡುಗನಾಗಿ ಸೇರಿದವನು ಮುದುಕನಾಗುವ ತನಕ ದಂಡಿನಲ್ಲೇ ಇರುತ್ತಿದ್ದ. ಬಹಳ ಜನರಿಗೆ ಮದುವೆ ಇಲ್ಲ, ಊರಿನ ನಂಟಿಲ್ಲ. ಕಾಲೋ ಕೈಯೋ ಹೋದ ಮೇಲೆ ರಾಜಧಾನಿಯ ಬೀದಿಯಲ್ಲಿ ಭಿಕ್ಷೆ ಬೇಡುತ್ತಿದ್ದರು. ರಾಜನಿಗೆ ಅದು ಅವಮಾನ, ಜೊತೆಗೆ ಭಯ. ಬಂದೂಕು ಹಿಡಿದು ಗೊತ್ತಿದ್ದ ಹಸಿದ ಗಂಡಸರು ಗುಂಪುಗುಂಪಾಗಿ ತಿರುಗುವುದು ಯಾವ ಸರ್ಕಾರಕ್ಕೂ ಇಷ್ಟವಾಗಲ್ಲ, ಅಲ್ವಾ? ಫ್ರಾನ್ಸಿನಲ್ಲಿ ಅದಕ್ಕೂ ಮುಂಚೆ ಅಂಥವರನ್ನು ಕ್ರೈಸ್ತ ಮಠಗಳಿಗೆ ಹಂಚಿಬಿಡುತ್ತಿದ್ದರು. ಸನ್ಯಾಸಿಗಳಿಗೂ ಸೈನಿಕರಿಗೂ ಕೂಡಿಬರಲಿಲ್ಲ. ಲೆ ಇನ್ವಾಲಿಡ್‌ನಲ್ಲಿ ಕೈಲಾದವರಿಗೆ ಚಪ್ಪಲಿ ಹೊಲಿಯುವ, ಸಮವಸ್ತ್ರ ಮಾಡುವ, ನೇಯ್ಗೆಯ ಕೆಲಸ ಕೊಡುತ್ತಿದ್ದರು. ಆ ಕಟ್ಟಡದ ನೆಲಮಾಳಿಗೆಯಲ್ಲಿ ಬಂದೂಕುಗಳ ದಾಸ್ತಾನೂ ಇತ್ತು. 1789ರ ಜುಲೈ 14ರ ಬೆಳಿಗ್ಗೆ ಜನ ನುಗ್ಗಿ ಸಾವಿರಾರು ಬಂದೂಕು ಹೊತ್ತೊಯ್ದರು. ಆಮೇಲೆ ನಡೆದದ್ದು ಬಾಸ್ಟೀಲ್ ಸೆರೆಮನೆ ಮೇಲಿನ ದಾಳಿ, ಫ್ರೆಂಚ್ ಕ್ರಾಂತಿಯ ಶುರು.

ಇನ್ನು ನಿಮ್ಮ ಚಿಕ್ಕಪ್ಪ ಹೇಳಿದ ಪೆನ್ಷನ್ ವಿಷಯ. ಅದು ಪೂರ್ತಿ ಸುಳ್ಳಲ್ಲ, ಆದರೆ ನಮ್ಮ ದೇಶದ್ದಲ್ಲ. ಚೆಲ್ಸಿಗೆ ಸೇರುವವರು ತಮ್ಮ ಸೇನಾ ಪೆನ್ಷನ್ ಬಿಟ್ಟುಕೊಡಬೇಕು. ಅದಕ್ಕೆ ಬದಲು ಕೋಣೆ, ಊಟ, ಬಟ್ಟೆ, ಆರೈಕೆ. ಇದು ಅಲ್ಲಿನ ಹಳೇ ಪದ್ಧತಿ. ನಮ್ಮಲ್ಲಿ ಹಾಗಿಲ್ಲ. ಅಪ್ಪ ಯಾವ ವೃದ್ಧಾಶ್ರಮ ಸೇರಿದರೂ ಪೆನ್ಷನ್ ಅವರ ಖಾತೆಗೇ ಬರುತ್ತದೆ. 1871ರ ಪಿಂಚಣಿ ಕಾಯ್ದೆ ಪ್ರಕಾರ ಸಾಲಕ್ಕೆಂದು ಕೋರ್ಟು ಕೂಡ ಸರ್ಕಾರಿ ಪೆನ್ಷನ್ನನ್ನು ಜಪ್ತಿ ಮಾಡುವಂತಿಲ್ಲ. ಮಾಜಿ ಸೈನಿಕರ ಆರೋಗ್ಯ ಯೋಜನೆಯ, ಅಂದರೆ ಇಸಿಎಚ್‌ಎಸ್ ಕಾರ್ಡ್ ಊರು ಬಿಟ್ಟರೆ ನಡೆಯಲ್ಲ ಎಂದು ಯಾರಾದರೂ ಹೇಳಿದರೆ ಅದೂ ತಪ್ಪು. ದೇಶದ ಯಾವ ಪಾಲಿಕ್ಲಿನಿಕ್‌ನಲ್ಲಾದರೂ ತೋರಿಸಬಹುದು. ಆದರೆ ಒಂದು ಮಾತು ತಿಳಿದಿರಲಿ. ಇಸಿಎಚ್‌ಎಸ್ ಕೊಡುವುದು ಚಿಕಿತ್ಸೆಯ ಖರ್ಚು ಮಾತ್ರ. ವೃದ್ಧಾಶ್ರಮದ ತಿಂಗಳ ಶುಲ್ಕವನ್ನು ಅದು ಕೊಡುವುದಿಲ್ಲ.

ಆ ವಿಡಿಯೋದಲ್ಲಿ ಕಾಣದ ಇನ್ನೂ ಒಂದು ವಿಷಯ ಇದೆ. ಚೆಲ್ಸಿಯಲ್ಲಿ ಈಗ ಇರುವುದು ಸುಮಾರು 300 ಜನ. ಇಡೀ ಬ್ರಿಟನ್ನಿನ ಮಾಜಿ ಸೈನಿಕರಿಗೆ ಹೋಲಿಸಿದರೆ ಇದು ಲೆಕ್ಕಕ್ಕೇ ಇಲ್ಲ. ಸೇರುವಾಗ ತಮ್ಮ ಕೆಲಸ ತಾವು ಮಾಡಿಕೊಳ್ಳುವಷ್ಟು ಗಟ್ಟಿ ಇರಬೇಕು. ಗಂಡ, ಹೆಂಡತಿ ಅಂತ ಅವಲಂಬಿತರು ಇರಬಾರದು. ಶುರುವಿನಲ್ಲಿ ಒಬ್ಬೊಬ್ಬರಿಗೆ ಸಿಕ್ಕ ಜಾಗ ಆರಡಿಗೆ ಆರಡಿ. ಹೆಂಗಸರನ್ನು ಸೇರಿಸಿಕೊಂಡಿದ್ದು 2009ರಲ್ಲಿ. ಕಟ್ಟಡ ಮುಗಿಯುವ ಹೊತ್ತಿಗೇ ಅರ್ಹರ ಸಂಖ್ಯೆ ಕೋಣೆಗಳಿಗಿಂತ ಎಷ್ಟೋ ಜಾಸ್ತಿ ಆಗಿತ್ತು. ಆಗ ಹೊರಗೇ ಉಳಿದವರಿಗೆ ಕೈಗೆ ದುಡ್ಡು ಕೊಡುವ ಪದ್ಧತಿ ಬಂತು. ಬ್ರಿಟಿಷ್ ಸೇನೆಯ ಪೆನ್ಷನ್ ವ್ಯವಸ್ಥೆ ಬೆಳೆದದ್ದು ಹೀಗೆ. 1955ರ ತನಕ ಆ ಹಂಚಿಕೆಯ ಕೆಲಸ ಈ ಮನೆಯ ಕೈಯಲ್ಲೇ ಇತ್ತು.

ನಿಮ್ಮ ತಂದೆಗೆ ಚೆಲ್ಸಿಗಿಂತ ಲಂಡನ್ನಿನದೇ ಆದ ಗ್ರೀನಿಚ್‌ನ ಕಥೆ ಹೇಳಿ ಅನ್ನುತ್ತೇನೆ. ಅದು ನೌಕಾಪಡೆಯವರ ಮನೆ. 1694ರಲ್ಲಿ ಸನ್ನದು ಸಿಕ್ಕಿತು. ಅರಮನೆಯಂಥ ಕಟ್ಟಡ. ನೆಪೋಲಿಯನ್ ಕಾಲದ ಯುದ್ಧಗಳು ಮುಗಿಯುವ ಹೊತ್ತಿಗೆ 2,700 ಜನ ಅಲ್ಲಿದ್ದರು. ಹೊರಗಿನಿಂದ ನೋಡಿದವರಿಗೆ ಸ್ವರ್ಗ. ಒಳಗೆ? ಅಲ್ಲಿನ ಉಪ ಆಡಳಿತಾಧಿಕಾರಿಯಾಗಿದ್ದ ಕ್ಯಾಪ್ಟನ್ ಥಾಮಸ್ ಬೇಲಿ 1778ರಲ್ಲಿ ಎಲ್ಲ ಹೊರಗೆಳೆದ. ಮಾಂಸ ಕೆಟ್ಟದ್ದು, ಬಿಯರ್‌ಗೆ ನೀರು, ನಾವಿಕರಿಗೆ ಸೇರಬೇಕಾದ ಕೆಲಸ ಮತ್ತು ಜಾಗ ಹೊರಗಿನವರ ಪಾಲು. ಹೇಳಿದ್ದಕ್ಕೆ ಅವನ ಕೆಲಸ ಹೋಯಿತು. ಮಾನನಷ್ಟದ ಕೇಸೂ ಬಿತ್ತು, ಅದರಲ್ಲಿ ಗೆದ್ದ. ಮುಂದೆ 1865ರಲ್ಲಿ ಒಂದು ಕಾನೂನು ಬಂತು. ಬೇಕಾದವರು ದುಡ್ಡು ತಗೊಂಡು ಮನೆಗೆ ಹೋಗಬಹುದು ಅಂತ. ಬಹುಪಾಲು ಜನ ಗಂಟುಮೂಟೆ ಕಟ್ಟಿ ಹೊರಟೇಬಿಟ್ಟರು. 1869ಕ್ಕೆ ಮನೆ ಮುಚ್ಚಿತು.

ಇದನ್ನು ನಾನು ಬೇಕೆಂದೇ ಉದ್ದ ಹೇಳಿದೆ. ಎರಡು ಕಾರಣ. ಕಟ್ಟಡ ಚೆನ್ನಾಗಿದ್ದ ಮಾತ್ರಕ್ಕೆ ಊಟ ಚೆನ್ನಾಗಿರಲ್ಲ. ಮತ್ತೆ, ಕೈಯಲ್ಲಿ ದುಡ್ಡು, ಹೋಗಲು ಒಂದು ಊರು ಇದ್ದವರು ಹೆಚ್ಚಾಗಿ ಊರನ್ನೇ ಆರಿಸಿಕೊಂಡರು.

ನಮ್ಮಲ್ಲಿ ಅಂಥ ದೊಡ್ಡ ಮನೆ ಯಾಕೆ ಬೆಳೆಯಲಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ನಮ್ಮ ಪದ್ಧತಿ ಮೊದಲಿನಿಂದಲೂ ಭೂಮಿ ಕೊಟ್ಟು ಊರಲ್ಲೇ ನೆಲೆ ಮಾಡಿಸುವುದು. ಹಾಸನ, ಚಿಕ್ಕಮಗಳೂರು ಕಡೆ ಯಾವ ಹಳ್ಳಿಗೆ ಹೋದರೂ ಒಂದು ವೀರಗಲ್ಲು ಸಿಗುತ್ತೆ. ಹೋರಾಡಿ ಸತ್ತವನ ಮನೆಯವರಿಗೆ ಕೊಟ್ಟ ಜಮೀನನ್ನು ನೆತ್ತರುಗೊಡಗೆ ಎಂದು ಶಾಸನಗಳು ಕರೆಯುತ್ತವೆ. ಬದುಕಿ ಬಂದ ವೀರನಿಗೂ ಭೂಮಿ ಸಿಗುತ್ತಿತ್ತು. ಮಂಡ್ಯ ಜಿಲ್ಲೆಯ ಆತಕೂರಿನ 10ನೇ ಶತಮಾನದ ಶಾಸನದಲ್ಲಿ ಮಣಲೆರ ಎಂಬ ಯೋಧನಿಗೆ ಊರುಗಳನ್ನೇ ಕೊಟ್ಟ ವಿವರ ಇದೆ. ಅದರ ಜೊತೆಗೆ ಅವನು ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ಆಸಕ್ತಿ ಇದ್ದರೆ ಅಪ್ಪನನ್ನು ಕರೆದುಕೊಂಡು ಹೋಗಿ ತೋರಿಸಿ.

ಕಂಪನಿ ಸರ್ಕಾರವೂ ಹೆಚ್ಚುಕಮ್ಮಿ ಇದೇ ದಾರಿ ಹಿಡಿಯಿತು. 18ನೇ ಶತಮಾನದ ಕೊನೆಗೆ ಬಿಹಾರದ ಭಾಗಲ್ಪುರ, ಮುಂಗೇರ್ ಕಡೆ ವಯಸ್ಸಾದ ಸಿಪಾಯಿಗಳಿಗೆ ಪಾಳು ಭೂಮಿ ಕೊಟ್ಟು ಕೂರಿಸಿತು. ಆಮೇಲೆ ಪೆನ್ಷನ್. ನಮ್ಮ ಸಿಪಾಯಿ ಹಳ್ಳಿಯಿಂದ ಬಂದವನು, ಹಳ್ಳಿಗೇ ವಾಪಸ್ ಹೋಗುವವನು. ಇನ್ನೊಂದು ವಿಷಯ ವಯಸ್ಸು. ನಿಮ್ಮ ತಂದೆಯ ಹಾಗೆ ಹದಿನೈದು ಹದಿನೇಳು ವರ್ಷ ಸೇವೆ ಮಾಡಿ ಬಿಡುಗಡೆಯಾದವರು ಇನ್ನೂ ನಲವತ್ತು ದಾಟಿರುವುದಿಲ್ಲ. ಅವರಿಗೆ ಬೇಕಾಗಿದ್ದು ಇನ್ನೊಂದು ಕೆಲಸ. ಬ್ಯಾಂಕ್ ಗಾರ್ಡ್, ಎಸ್ಟೇಟ್ ಮೇಸ್ತ್ರಿ, ಸೆಕ್ಯೂರಿಟಿ. ಹಾಗಾಗಿ ಸರ್ಕಾರದ ಯೋಚನೆಯೂ ಪುನರ್ವಸತಿಯ ಸುತ್ತಲೇ ಬೆಳೆಯಿತು. ವಯಸ್ಸಾದ ಮೇಲಿನ ಕೊನೆಯ ಹತ್ತು ಹದಿನೈದು ವರ್ಷವನ್ನು ಮನೆಯವರು ನೋಡಿಕೊಳ್ಳುತ್ತಾರೆ ಎಂದು ಎಲ್ಲರೂ ಅಂದುಕೊಂಡರು. ಮಕ್ಕಳೆಲ್ಲ ಬೆಂಗಳೂರಿಗೆ ಹೋಗುತ್ತಾರೆ ಅಂತ ಆಗ ಯಾರಿಗೆ ಗೊತ್ತಿತ್ತು?

ವಾಸದ ವ್ಯವಸ್ಥೆ ಆಗಿದ್ದು ಗಾಯಗೊಂಡವರಿಗೆ. ಅಪ್ಪನ ಸ್ನೇಹಿತರು ಹೇಳಿದ ಪುಣೆಯ ಮನೆ ಅದೇ ಇರಬೇಕು. ಪುಣೆಯ ಖಡಕಿಯಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಸ್ವಾಧೀನ ಹೋದ ಸೈನಿಕರಿಗಾಗಿ 1971ರ ಯುದ್ಧದ ನಂತರ ಶುರುವಾದ ಪ್ಯಾರಾಪ್ಲೆಜಿಕ್ ಪುನರ್ವಸತಿ ಕೇಂದ್ರವಿದೆ. ಅಲ್ಲೇ ಇರುವ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆ 1917ರದ್ದು, ಅಂಗವಿಕಲ ಸೈನಿಕರಿಗೆ ಕಸುಬು ಕಲಿಸುವ ಜಾಗ. ಯುದ್ಧದಲ್ಲಿ ಕಣ್ಣು ಕಳೆದುಕೊಂಡವರಿಗೆ ಡೆಹ್ರಾಡೂನಿನಲ್ಲಿ 1943ರಲ್ಲಿ ಒಂದು ಹಾಸ್ಟೆಲ್ ಆಗಿತ್ತು. ಇವು ಯಾವುವೂ ನಡೆದಾಡುವ, ಆರೋಗ್ಯವಾಗಿರುವ 78ರ ಹಿರಿಯರನ್ನು ಬರೀ ವಯಸ್ಸಿನ ಕಾರಣಕ್ಕೆ ಸೇರಿಸಿಕೊಳ್ಳುವ ಮನೆಗಳಲ್ಲ. ಸೈನಿಕ ಆರಾಮಗೃಹವನ್ನೂ ಎಷ್ಟೋ ಜನ ವೃದ್ಧಾಶ್ರಮ ಅಂದುಕೊಂಡಿದ್ದಾರೆ. ಅದು ಕೆಲಸಕ್ಕೆ, ಆಸ್ಪತ್ರೆಗೆ ಬಂದವರು ಒಂದೆರಡು ದಿನ ತಂಗುವ ಜಾಗ ಅಷ್ಟೆ.

ಈಗ ಅಪ್ಪನ ವಿಚಾರ. ಆ ವಿಡಿಯೋದಲ್ಲಿ ಅವರು ಕಂಡಿದ್ದು ಕಟ್ಟಡವನ್ನಲ್ಲ ಅಂತ ನನ್ನ ಊಹೆ. ಹೊತ್ತಿಗೆ ಸರಿಯಾಗಿ ಊಟ, ಇಸ್ತ್ರಿ ಮಾಡಿದ ಬಟ್ಟೆ, ಪಕ್ಕದಲ್ಲಿ ಕೂತು ಹಳೇ ಪೋಸ್ಟಿಂಗ್ ಬಗ್ಗೆ ಮಾತಾಡಲು ಇನ್ನೊಬ್ಬ. ತೋಟದ ಮನೆಯಲ್ಲಿ ಸಂಜೆ ಆರರ ಮೇಲೆ ಅವರಿಗೆ ಯಾರಿದ್ದಾರೆ? ನಾನು ಕಂಡ ಎಷ್ಟೋ ಮಾಜಿ ಸೈನಿಕರು ಹೆಂಡತಿ ತೀರಿಕೊಂಡ ಮೇಲೆ ಇದ್ದಕ್ಕಿದ್ದ ಹಾಗೆ "ಇಲ್ಲಿಂದ ಹೋಗಬೇಕು" ಅನ್ನಲು ಶುರು ಮಾಡಿದರು. ಅದು ಬರೀ ದುಃಖ ಇರಬಹುದು, ಖಿನ್ನತೆಯೂ ಇರಬಹುದು. ಮೊದಲು ಡಾಕ್ಟರ್ ಹತ್ತಿರ ತೋರಿಸಿ. ಕಿವಿ, ಕಣ್ಣು, ಬಿಪಿ, ಶುಗರ್ ಜೊತೆಗೆ ನೆನಪಿನ ಶಕ್ತಿಯನ್ನೂ ಪರೀಕ್ಷೆ ಮಾಡಿಸಿ. ಕಿವಿ ಕೇಳದವರು ಜನರಿಂದ ದೂರವಾಗುತ್ತಾರೆ, ಮನೆಯವರು ಅದನ್ನು ಮುನಿಸು ಅಂದುಕೊಳ್ಳುತ್ತಾರೆ. ರಾತ್ರಿ ಬೆಚ್ಚಿ ಏಳುವುದು, ಹಳೇ ಯುದ್ಧದ ಕನಸು ಮತ್ತೆ ಬರುವುದು ಇದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ದುಡ್ಡು ಬೇಡ. ಈ ಹೆಜ್ಜೆ ದಾಟದೆ ಮನೆ ಬದಲಿಸುವ ನಿರ್ಧಾರ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ತೋಟದಲ್ಲೇ ಉಳಿಸುವುದಾದರೆ ಏನೇನು ಅಪಾಯ ಅಂತ ನಿಮಗೆ ನಾನು ಹೇಳಬೇಕಿಲ್ಲ. ಸಕಲೇಶಪುರ, ಆಲೂರು ಕಡೆ ಆನೆ ಯಾವ ಹೊತ್ತಿನಲ್ಲಿ ಯಾರ ತೋಟದಲ್ಲಿರುತ್ತೆ ಅಂತ ಹೇಳಲಾಗಲ್ಲ. ಬೆಳಗಿನ ನಡಿಗೆ ಬಿಡದ ಮಿಲಿಟರಿ ಮನುಷ್ಯನಿಗೆ ಇದು ದೊಡ್ಡ ಅಪಾಯ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ, ಕರೆಂಟಿಲ್ಲದ ರಾತ್ರಿ, ಮನೆಯಿಂದ ದೂರದ ಬಚ್ಚಲು. ಈ ವಯಸ್ಸಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದರೆ ಮೊದಲಿನಂತೆ ಓಡಾಡುವುದು ಕಷ್ಟ. ಆದರೂ ಇದು ಕೈಬಿಡುವ ದಾರಿ ಅಲ್ಲ. ಒಳಗೇ ಬಚ್ಚಲು, ಹಿಡಿದುಕೊಳ್ಳಲು ಕಂಬಿ, ಜೊತೆಗೆ ಮಲಗಲು ನಂಬಿಕಸ್ಥ ಆಳು ಇದ್ದರೆ ಕೆಲವು ವರ್ಷ ನಡೆಯುತ್ತದೆ. ಆಳಿನ ಕೈಗೆ ಎಟಿಎಂ ಕಾರ್ಡ್ ಮಾತ್ರ ಕೊಡಬೇಡಿ. ಪೆನ್ಷನ್ ದುಡ್ಡು ಹೋಗುವುದು ಹೆಚ್ಚಾಗಿ ಅಲ್ಲೇ. ವಾರಕ್ಕೊಮ್ಮೆಯಾದರೂ ಅವರನ್ನು ಪೇಟೆಗೆ ಕರೆತಂದು ಹಳೇ ಫೌಜಿಗಳ ಜೊತೆ ಕೂರಿಸುವ ಏರ್ಪಾಡು ಮಾಡಿ. ಮಿಲಿಟರಿ ಕ್ಯಾಂಟೀನಿಗೆ ಹೋಗುವ ದಿನ ಅದಕ್ಕೆ ಒಳ್ಳೆಯ ನೆಪ.

ಅಣ್ಣನ ಮನೆ ಮೂರು ತಿಂಗಳು, ನಿಮ್ಮ ಮನೆ ಮೂರು ತಿಂಗಳು ಅನ್ನುವ ಲೆಕ್ಕ ನನಗೆ ಅಷ್ಟು ಹಿಡಿಸುವುದಿಲ್ಲ. ಎಲ್ಲಿಯೂ ಅವರದ್ದು ಅಂತ ಒಂದು ಮಂಚ ಇರುವುದಿಲ್ಲ. ನೆನಪು ಸ್ವಲ್ಪ ಕುಂದಿದವರಿಗಂತೂ ಪದೇ ಪದೇ ಜಾಗ ಬದಲಾದರೆ ತಲೆಬುಡ ತಿಳಿಯದಂತಾಗುತ್ತದೆ. ಮಾಡುವುದಾದರೆ ಒಂದೇ ಮನೆ ಗೊತ್ತು ಮಾಡಿ, ಉಳಿದವರು ಅಲ್ಲಿಗೆ ಬಂದು ಹೋಗಿ.

ಮೂರನೆಯದು ದುಡ್ಡು ಕೊಟ್ಟು ಇರುವ ಹಿರಿಯರ ಮನೆ. ಮೈಸೂರು, ಬೆಂಗಳೂರಿನಲ್ಲಿ ಬಹಳ ಇವೆ, ನಿಮ್ಮ ಹತ್ತಿರದ ಊರುಗಳಲ್ಲೂ ವಿಚಾರಿಸಿ. ಅಪ್ಪನಿಗೆ ಪೆನ್ಷನ್ ಇದೆ, ತೋಟದ ಆದಾಯ ಇದೆ. 80 ತುಂಬಿದ ಮೇಲೆ ಮೂಲ ಪೆನ್ಷನ್ನಿನ 20 ಪರ್ಸೆಂಟ್ ಹೆಚ್ಚು ಬರುತ್ತದೆ, 85ಕ್ಕೆ 30, 90ಕ್ಕೆ 40. ನೋಡಲು ಹೋಗುವಾಗ ಹೇಳದೆ ಕೇಳದೆ ಊಟದ ಹೊತ್ತಿಗೆ ಹೋಗಿ. ಗ್ರೀನಿಚ್ ನೆನಪಿರಲಿ. ಅಲ್ಲಿರುವವರ ಜೊತೆ ಆಡಳಿತದವರಿಲ್ಲದಾಗ ಮಾತಾಡಿ. ಡೆಪಾಸಿಟ್ ವಾಪಸ್ ಬರುತ್ತಾ, ಎಷ್ಟು ದಿನಕ್ಕೆ, ಕಾಗದದಲ್ಲಿದೆಯಾ ನೋಡಿ. ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದು: ಹಾಸಿಗೆ ಹಿಡಿದರೆ ಇಟ್ಟುಕೊಳ್ಳುತ್ತೀರಾ, ಕರೆದುಕೊಂಡು ಹೋಗಿ ಅನ್ನುತ್ತೀರಾ? ಸುಮಾರು ಕಡೆ ಎರಡನೆಯದೇ ಉತ್ತರ, ಆದರೆ ಕೇಳದೆ ಯಾರೂ ಹೇಳುವುದಿಲ್ಲ. ಮೊದಲು ಒಂದು ತಿಂಗಳು ಇದ್ದು ನೋಡಲಿ. ಅಷ್ಟು ದಿನ ತೋಟದ ಮನೆ ಬಾಡಿಗೆಗೆ ಕೊಡುವುದು, ಸಾಮಾನು ಖಾಲಿ ಮಾಡುವುದು ಬೇಡ.

ಸರ್ಕಾರದ ಉಚಿತ ವೃದ್ಧಾಶ್ರಮ ನಿಮ್ಮ ತಂದೆಗೆ ಅನ್ವಯಿಸುವುದಿಲ್ಲ. 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಜಿಲ್ಲೆಗೊಂದು ಆಶ್ರಮದ ಮಾತು ಇರುವುದು ನಿರ್ಗತಿಕ ಹಿರಿಯರಿಗಾಗಿ. ಚಿಕ್ಕಪ್ಪನ "ಗತಿ ಇಲ್ಲದವರ ಜಾಗ" ಅನ್ನುವ ಮಾತು ಇಲ್ಲಿಂದ ಬಂದಿರಬಹುದು. ಅಂದಹಾಗೆ ಅಪ್ಪನ ಜೊತೆಗಾರರಲ್ಲಿ ಪೆನ್ಷನ್ ಇಲ್ಲದೆ ಬಂದ 65 ದಾಟಿದ ಸಿಪಾಯಿ, ಹವಾಲ್ದಾರ್‌ಗಳಿದ್ದರೆ ಅವರಿಗೆ ಹೇಳಿ. ಕೇಂದ್ರೀಯ ಸೈನಿಕ ಮಂಡಳಿಯ ಬಡತನ ಪರಿಹಾರ ಧನ 2025ರ ನವೆಂಬರ್‌ನಿಂದ ತಿಂಗಳಿಗೆ 4,000 ಇದ್ದದ್ದು 8,000 ರೂಪಾಯಿ ಆಗಿದೆ. ಅರ್ಜಿ ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಯ ಮೂಲಕ ಹೋಗುತ್ತದೆ.

ಕೊನೆಗೆ ನಿಮ್ಮ ತೋಟದಲ್ಲೇ ಮನೆ ಕಟ್ಟುವ ವಿಚಾರ. ಆಸೆ ಒಳ್ಳೆಯದು, ನಾನು ತಣ್ಣೀರು ಎರಚುತ್ತಿಲ್ಲ. ಆದರೆ ಕಟ್ಟುವ ದುಡ್ಡು ಹೇಗೋ ಹೊಂದುತ್ತದೆ, ನಡೆಸುವ ದುಡ್ಡು ಹೊಂದುವುದಿಲ್ಲ. ಚೆಲ್ಸಿಗೆ ಸೈನಿಕರ ಸಂಬಳದಲ್ಲೇ ಒಂದು ಪಾಲು ಹಿಡಿಯುತ್ತಿದ್ದರು. ಅಮೆರಿಕದಲ್ಲಿ 1851ರಲ್ಲಿ ಶುರುವಾದ ಸೋಲ್ಜರ್ಸ್ ಹೋಮ್‌ಗೆ ಪ್ರತಿ ಸೈನಿಕನಿಂದ ತಿಂಗಳಿಗೆ 25 ಸೆಂಟ್ ಬರುತ್ತಿತ್ತು. ಅಂಥ ನಿಲ್ಲದ ಆದಾಯ ತಾಲ್ಲೂಕಿನ ಗೆಳೆಯರ ಬಳಗಕ್ಕೆ ಎಲ್ಲಿಂದ ಬರಬೇಕು? ಅಡುಗೆಯವರು, ರಾತ್ರಿ ನರ್ಸ್, ಆಂಬುಲೆನ್ಸ್ ಬೇಕು. ಕಟ್ಟುವವರಿಗೇ 70 ದಾಟಿದೆ, ಹತ್ತು ವರ್ಷದ ಮೇಲೆ ನಡೆಸುವವರು ಯಾರು? ನನ್ನ ಸಲಹೆ ಕೇಳಿದರೆ ವಾಸದ ಮನೆಗಿಂತ ಮೊದಲು ಹಗಲು ಮನೆ ಮಾಡಿ. ಪೇಟೆಯಲ್ಲಿ ಒಂದು ಬಾಡಿಗೆ ಕೋಣೆ, ಪೇಪರು, ಕೇರಂ ಬೋರ್ಡು, ಮಧ್ಯಾಹ್ನದ ಊಟ. ಅಪ್ಪನಿಗೆ ಬೇಕಾದ ಜೊತೆ ಅಲ್ಲೇ ಸಿಗಬಹುದು.

ಜಾಗ ಕೊಡುವ ಮಾತಿಗೆ ಮಾತ್ರ ಈಗಲೇ ಹ್ಞೂಂ ಅನ್ನಬೇಡಿ. ದಾನಪತ್ರ ಮಾಡಿದ ಮೇಲೆ ವಾಪಸ್ ಪಡೆಯುವುದು ಸುಲಭವಲ್ಲ. ಅಣ್ಣನ ಹೆಸರಿಗೋ ನಿಮ್ಮ ಹೆಸರಿಗೋ ತೋಟ ಬರೆಯುವ ಯೋಚನೆ ಅಪ್ಪನಿಗಿದ್ದರೂ ಅಷ್ಟೇ. ಕೊನೆಯ ತನಕ ನೋಡಿಕೊಳ್ಳಬೇಕು ಅನ್ನುವ ಷರತ್ತು ಪತ್ರದಲ್ಲೇ ಇದ್ದರೆ, ಅದು ತಪ್ಪಿದಾಗ 2007ರ ಕಾಯ್ದೆಯ 23ನೇ ಕಲಂ ಪ್ರಕಾರ ಉಪವಿಭಾಗಾಧಿಕಾರಿಗಳ ಮುಂದೆ ಹೋಗಿ ರದ್ದು ಕೇಳಬಹುದು. ಬಾಯಿಮಾತಿನ ಷರತ್ತು ಇಟ್ಟುಕೊಂಡು ಹೋದವರು ತುಂಬಾ ಅಲೆಯುತ್ತಾರೆ.

ಯಾವ ದಾರಿ ಹಿಡಿದರೂ ಈ ತಿಂಗಳೇ ಒಂದು ಕೆಲಸ ಮುಗಿಸಿ. ಡಿಸ್ಚಾರ್ಜ್ ಬುಕ್, ಪಿಪಿಒ (ಪೆನ್ಷನ್ ಪಾವತಿ ಆದೇಶ), ಇಸಿಎಚ್‌ಎಸ್ ಕಾರ್ಡ್, ಅಮ್ಮನ ಮರಣ ಪ್ರಮಾಣಪತ್ರ ಒಂದೇ ಫೈಲಿನಲ್ಲಿಟ್ಟು ಎರಡು ಪ್ರತಿ ತೆಗೆಸಿ. ಸೇನಾ ದಾಖಲೆಯಲ್ಲಿ ಅಮ್ಮ ತೀರಿಕೊಂಡದ್ದು ಸೇರಿದೆಯಾ, ರಕ್ಷಣಾ ಪೆನ್ಷನ್ನಿನ ಆನ್‌ಲೈನ್ ವ್ಯವಸ್ಥೆ ಸ್ಪರ್ಶ್‌ನಲ್ಲಿ ಮೊಬೈಲ್ ನಂಬರ್ ಸರಿ ಇದೆಯಾ, ಬ್ಯಾಂಕಿನಲ್ಲಿ ನಾಮಿನಿ ಇನ್ನೂ ಅಮ್ಮನೇ ಇದ್ದಾರಾ ನೋಡಿ. ವರ್ಷಕ್ಕೊಮ್ಮೆ ಕೊಡುವ ಜೀವನ ಪ್ರಮಾಣಪತ್ರ ಯಾವ ತಿಂಗಳಿಗೆ ಬರುತ್ತೆ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅದು ತಪ್ಪಿದರೆ ಪೆನ್ಷನ್ ನಿಲ್ಲುತ್ತದೆ. ಅಪ್ಪನನ್ನು ಕರೆದುಕೊಂಡೇ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ, ಎದುರಿಗೇ ಕೇಳಿಸಿ. ಮೂಲ ಡಿಸ್ಚಾರ್ಜ್ ಬುಕ್ಕನ್ನು ಮಾತ್ರ ಯಾರ ಮೇಜಿನ ಮೇಲೂ ಬಿಟ್ಟು ಬರಬೇಡಿ.